ನಾದ ಸೋರದ ಕನ್ನಡಿ

ಅಮೆರಿಕದ ಲೂಯಿಸಿಯಾನಾ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೋ ವೀಕ್ಷಣಾಲಯದಲ್ಲಿ ಗಾಜಿನ ನಾಲ್ಕು ಎಳೆಗಳಿಗೆ ತೂಗುಹಾಕಿದ ಕನ್ನಡಿಯೊಂದಿದೆ. ತೂಕ 40 ಕಿಲೊ, ಅಡ್ಡಗಲ 34 ಸೆಂಟಿಮೀಟರ್, ದಪ್ಪ 20 ಸೆಂಟಿಮೀಟರ್. ಅದನ್ನು ಹೊತ್ತ ಎಳೆಗಳ ದಪ್ಪ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಸುತ್ತಲೂ ನಿರ್ವಾತ. ನೆಲದ ಅದುರು ಇಳಿದು ಬರದಂತೆ ಮೇಲೆ ಇನ್ನೂ ಮೂರು ಹಂತದ ಲೋಲಕಗಳು. ಮುಟ್ಟುವವರಿಲ್ಲ, ತಳ್ಳುವವರಿಲ್ಲ. ಆದರೂ ಕನ್ನಡಿ ಅಲುಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಅದು ಸರಾಸರಿ ಎರಡು ಮೂರು ಪಿಕೊಮೀಟರಿನಷ್ಟು, ಅಂದರೆ ಒಂದು ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನಷ್ಟು, ತೂಗಾಡುತ್ತಲೇ ಇರುತ್ತದೆ.

ಇಷ್ಟು ಅಲುಗಾಟವನ್ನು ಯಾರು ಲೆಕ್ಕಕ್ಕಿಡುತ್ತಾರೆ ಎನಿಸಬಹುದು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವ ಅಲೆ ಭೂಮಿಯನ್ನು ಹಾದುಹೋಯಿತು. ಆಗ ಕನ್ನಡಿಗಳ ನಡುವೆ ಲೇಸರ್ ಬೆಳಕು ಓಡಾಡುವ ಲೈಗೋದ 4 ಕಿಲೊಮೀಟರ್ ಉದ್ದದ ತೋಳುಗಳಲ್ಲಿ ಆದ ವ್ಯತ್ಯಾಸ ಸುಮಾರು 4×10⁻¹⁸ ಮೀಟರ್. ಅದು ಪ್ರೋಟಾನಿನ ತ್ರಿಜ್ಯದ ಇನ್ನೂರನೆಯ ಒಂದು ಪಾಲು. ಹಾಗಾದರೆ ಕನ್ನಡಿಯ ಸ್ವಂತ ತೂಗಾಟ ಆ ಸಂಕೇತಕ್ಕಿಂತ ಐದಾರು ಲಕ್ಷ ಪಟ್ಟು ದೊಡ್ಡದು. ಹಾಗಿದ್ದೂ ಸಂಕೇತ ಕೇಳಿಸಿತು. ಅದು ಹೇಗೆ ಸಾಧ್ಯವಾಯಿತು, ಇನ್ನೂ ಚೆನ್ನಾಗಿ ಕೇಳಿಸಲು ಏನು ಮಾಡುತ್ತಿದ್ದಾರೆ, ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದನ್ನು ಇಲ್ಲಿ ನೋಡೋಣ.

ಶಾಖದಿಂದ ಅಲುಗುತ್ತಿದ್ದರೆ ತಣ್ಣಗೆ ಮಾಡಿಬಿಡಿ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಅದು ಅರ್ಧ ಉತ್ತರ ಮಾತ್ರ. ಈ ಅಲುಗಾಟ ಉಷ್ಣತೆಯ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. 300 ಕೆಲ್ವಿನ್‌ನಲ್ಲಿರುವ ಕನ್ನಡಿಯನ್ನು ಹರಸಾಹಸ ಮಾಡಿ 20 ಕೆಲ್ವಿನ್‌ಗೆ ಇಳಿಸಿದರೂ, ಬೇರೇನೂ ಬದಲಾಗದಿದ್ದರೆ, ಸಿಗುವ ಲಾಭ ನಾಲ್ಕು ಪಟ್ಟೂ ಇಲ್ಲ. ನಿಜವಾದ ಉತ್ತರ ವಸ್ತುವಿನ ಗುಣದಲ್ಲಿದೆ. ಅದನ್ನು ತಿಳಿಯಲು ಮಡಕೆ ಮಾರುವವರ ಮುಂದೆ ಕೂತರೆ ಸಾಕು.

ಮಡಕೆ ಕೊಳ್ಳುವ ಹೆಂಗಸು ಅದನ್ನು ಎತ್ತಿ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಾಳೆ. ಚೆನ್ನಾಗಿ ಬೆಂದ ಮಡಕೆ ‘ಟಣ್’ ಎಂದು ಉಲಿದು ಸ್ವಲ್ಪ ಹೊತ್ತು ನಾದವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ‘ಬದ್’ ಎಂದು ಸದ್ದು ಅಲ್ಲೇ ಸಾಯುತ್ತದೆ. ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ, ಕಂಪನದ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಆ ಹೆಂಗಸು ಅಳೆದದ್ದು ಮಡಕೆಯ ‘ನಷ್ಟ’ವನ್ನು. ಭೌತಶಾಸ್ತ್ರ ಇದಕ್ಕೆ ಒಂದು ಮಾತು ಸೇರಿಸುತ್ತದೆ: ಶಕ್ತಿ ಯಾವ ದಾರಿಯಲ್ಲಿ ಶಾಖವಾಗಿ ಸೋರುತ್ತದೆಯೋ ಅದೇ ದಾರಿಯಲ್ಲಿ ಶಾಖ ಒಳಗೆ ನುಗ್ಗಿ ವಸ್ತುವನ್ನು ಅಲುಗಿಸುತ್ತದೆ. ಪರಾಗದಿಂದ ಹೊರಬಿದ್ದ ಸೂಕ್ಷ್ಮ ಕಣಗಳು ನೀರಿನಲ್ಲಿ ಸುಮ್ಮನಿರದೆ ಕುಣಿಯುವುದನ್ನು ರಾಬರ್ಟ್ ಬ್ರೌನ್ 1827ರಲ್ಲಿ ಕಂಡ. ಕಣದ ಓಟವನ್ನು ತಡೆಯುವ ನೀರೇ ಅದನ್ನು ಕುಣಿಸುವುದೂ ಹೌದು ಎಂದು ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಹಾಕಿ ತೋರಿಸಿದ. ವಿದ್ಯುತ್ತನ್ನು ತಡೆಯುವ ರೆಸಿಸ್ಟರ್ ತಾನೇ ಗದ್ದಲ ಹುಟ್ಟಿಸುತ್ತದೆ ಎಂದು ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದರು. ಇವನ್ನೆಲ್ಲ ಒಂದೇ ಸೂತ್ರಕ್ಕೆ ತಂದವರು ಕ್ಯಾಲನ್ ಮತ್ತು ವೆಲ್ಟನ್, 1951ರಲ್ಲಿ. ನಷ್ಟವಿಲ್ಲದಲ್ಲಿ ಗದ್ದಲವೂ ಇಲ್ಲ ಎಂಬುದು ಅದರ ತಾತ್ಪರ್ಯ.

ಇಲ್ಲೊಂದು ಸೂಕ್ಷ್ಮವಿದೆ, ಇಡೀ ವಿಷಯದ ಕೀಲಿ ಅದೇ. ಒಂದು ಲೋಲಕಕ್ಕೆ ಶಾಖ ಕೊಡುವ ಒಟ್ಟು ಶಕ್ತಿಯನ್ನು ಉಷ್ಣತೆಯೇ ತೀರ್ಮಾನಿಸುತ್ತದೆ. ಲೋಲಕ ಒಳ್ಳೆಯದೋ ಕೆಟ್ಟದ್ದೋ ಎಂದು ಶಾಖ ಕೇಳುವುದಿಲ್ಲ, ಎಲ್ಲಕ್ಕೂ ಪಾಲು ಒಂದೇ. ಆದರೆ ಆ ಶಕ್ತಿ ಯಾವ ಆವೃತ್ತಿಯಲ್ಲಿ ಖರ್ಚಾಗುತ್ತದೆ ಎಂಬುದನ್ನು ನಷ್ಟ ತೀರ್ಮಾನಿಸುತ್ತದೆ. ಒಡಕು ಮಡಕೆ ಎಲ್ಲ ಆವೃತ್ತಿಗಳಲ್ಲೂ ಗೊರಗೊರ ಎನ್ನುತ್ತದೆ. ಒಳ್ಳೆಯ ಕಂಚಿನ ಗಂಟೆ ತನ್ನ ಪಾಲಿನ ಶಾಖವನ್ನೆಲ್ಲ ತನ್ನದೇ ಸ್ವರದಲ್ಲಿ ಖರ್ಚು ಮಾಡಿ ಉಳಿದ ಸ್ವರಗಳಲ್ಲಿ ಮೌನವಾಗಿರುತ್ತದೆ. ತಟ್ಟಿದ ವಸ್ತು ಎಷ್ಟು ಬಾರಿ ಕಂಪಿಸಿ ಸುಮ್ಮನಾಗುತ್ತದೆ ಎಂಬುದರ ಅಳತೆಗೆ ಈ ಕ್ಷೇತ್ರದವರು ‘ಕ್ಯೂ’ ಎನ್ನುತ್ತಾರೆ. ಲೈಗೋದ ಲೋಲಕ ಸೆಕೆಂಡಿಗೆ ಒಂದು ಸುತ್ತಿಗಿಂತ ನಿಧಾನವಾಗಿ ತೂಗುತ್ತದೆ. ಕಪ್ಪುಕುಳಿಗಳ ಸದ್ದು ಬರುವುದು ಹತ್ತಾರು, ನೂರಾರು ಹರ್ಟ್ಸ್‌ಗಳಲ್ಲಿ. ಕ್ಯೂ ಹೆಚ್ಚಿದ್ದಷ್ಟೂ ಆ ದೊಡ್ಡ ತೂಗಾಟ ತನ್ನ ಸ್ವರದಲ್ಲೇ ಕಟ್ಟಿಬಿದ್ದು, ನಾವು ಕಿವಿಗೊಟ್ಟ ಕಡೆ ನಿಶ್ಶಬ್ದವಾಗುತ್ತದೆ. ಗುರುತ್ವ ಅಲೆಯ ಯಂತ್ರಗಳಿಗೆ ಈ ವಿಚಾರವನ್ನು ಹೊಂದಿಸಿ 1990ರಲ್ಲಿ ಪೀಟರ್ ಸಾಲ್ಸನ್ ಬರೆದ ಪ್ರಬಂಧ ಈ ಕ್ಷೇತ್ರಕ್ಕೆ ಬಂದವರೆಲ್ಲ ಓದಲೇಬೇಕಾದದ್ದು.

ಮೊದಲ ಪೀಳಿಗೆಯ ಲೈಗೋದಲ್ಲಿ 10.7 ಕಿಲೊ ತೂಕದ ಕನ್ನಡಿಗಳು ಉಕ್ಕಿನ ತಂತಿಯಲ್ಲಿ ತೂಗುತ್ತಿದ್ದವು. ಉಕ್ಕು ಬಲಶಾಲಿ ನಿಜ, ಆದರೆ ಒಳಗೊಳಗೇ ನಾದ ಸೋರುವ ಲೋಹ. ಅದರ ಬದಲು ಕನ್ನಡಿಯನ್ನು ಮಾಡಿದ ಸಿಲಿಕಾ ಗಾಜಿನಿಂದಲೇ ಎಳೆ ತೆಗೆದು ಕನ್ನಡಿಗೇ ಬೆಸೆದರೆ ಹೇಗೆ ಎಂಬ ದಾರಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಜಿಮ್ ಹಫ್, ಶೀಲಾ ರೋವನ್ ಮತ್ತು ಸಂಗಡಿಗರು ತುಳಿದರು. ಜರ್ಮನಿಯ ಹ್ಯಾನೋವರ್ ಬಳಿಯ ಜಿಯೋ600 ಯಂತ್ರದಲ್ಲಿ ಅದು ಮೊದಲು ಬಳಕೆಗೆ ಬಂತು. 3 ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿಯನ್ನು ಲೇಸರಿನಿಂದ ಕಾಯಿಸಿ, ಕರಗಿದಂತೆ ಎರಡು ಕಡೆಗೂ ಎಳೆಯುತ್ತಾರೆ. ಬೆಲ್ಲದ ಪಾಕ ಹದಕ್ಕೆ ಬಂದಾಗ ಎಳೆ ಬರುವ ಹಾಗೆ ಗಾಜು ಎಳೆಯಾಗುತ್ತದೆ. ನಡುವೆ 0.4 ಮಿಲಿಮೀಟರ್, ತುದಿಗಳಲ್ಲಿ 0.8 ಮಿಲಿಮೀಟರ್. ತುದಿಯನ್ನು ದಪ್ಪ ಬಿಡುವುದು ಬರಿಯ ಗಟ್ಟಿತನಕ್ಕಲ್ಲ. ಎಳೆ ಬಾಗುವುದು ತುದಿಯಲ್ಲೇ. ಅಲ್ಲಿ ಶಾಖ ಆಚೀಚೆ ಹರಿದಾಡಿದರೆ ಗಾಜು ಹಿಗ್ಗುತ್ತದೆ, ಜೊತೆಗೆ ಅದರ ಬಿಗುಪೂ ಬದಲಾಗುತ್ತದೆ. ಎಳೆಯ ಮೇಲಿನ ಭಾರಕ್ಕೆ ತಕ್ಕ ದಪ್ಪ ಆರಿಸಿಕೊಂಡರೆ ಈ ಎರಡು ಪರಿಣಾಮಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಷ್ಟು ಅಂದವಾದ ಉಪಾಯ ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ ಎಂದೇ ನಾನು ಹೇಳುತ್ತೇನೆ.

ಇಂಥ ಎಳೆಯನ್ನು ಮೀಟಿದರೆ ಸುಮಾರು 500 ಹರ್ಟ್ಸ್ ಸ್ವರ ಹೊರಡುತ್ತದೆ. ಅದರ ಕ್ಯೂ ನೂರು ಕೋಟಿಯ ಆಸುಪಾಸು. ಮೀಟಿದ ತಂಬೂರಿಯ ನಾದ ಕೆಲವು ಸೆಕೆಂಡುಗಳಲ್ಲಿ ಕರಗುತ್ತದೆ. ಈ ಗಾಜಿನ ತಂತಿ ತನ್ನಷ್ಟಕ್ಕೆ ಬಿಟ್ಟರೆ ಒಂದು ವಾರ ಕಳೆದರೂ ಉಲಿಯುತ್ತಲೇ ಇರುತ್ತದೆ. ಭೂಕಂಪವೊಂದು ಎಲ್ಲೋ ಆಗಿ ಎಳೆಗಳು ಜೋರಾಗಿ ಮಿಡಿದರೆ, ಅವನ್ನು ಸುಮ್ಮನಾಗಿಸಲು ಕೃತಕವಾಗಿ ತಡೆಹಾಕಬೇಕಾಗುತ್ತದೆ. ನಾದ ಸೋರದಿರುವುದಕ್ಕೆ ತೆರಬೇಕಾದ ಬೆಲೆ ಅದು.

ಇನ್ನೊಂದು ಬೆಲೆಯನ್ನು ಇಟಲಿಯ ವರ್ಗೋ ತಂಡ ತೆತ್ತಿತು. ಪೀಸಾ ಬಳಿಯ ಕಾಷಿನಾದಲ್ಲಿರುವ ಅವರ ಯಂತ್ರದಲ್ಲಿ ಗಾಜಿನ ಎಳೆಗಳು ಒಂದರ ಹಿಂದೆ ಒಂದು ಮುರಿಯತೊಡಗಿದವು. ಗಾಜೇ ದುರ್ಬಲವೇ, ಬೆಸುಗೆಯ ದೋಷವೇ ಎಂದು ಹುಡುಕಿದರು. ಕೊನೆಗೆ ಸಿಕ್ಕ ಕಾರಣ ಧೂಳು. ನಿರ್ವಾತ ವ್ಯವಸ್ಥೆಯಿಂದ ಹಾರಿಬಂದ ಕಣಗಳು ಎಳೆಗೆ ತಾಗಿ ಗೀರು ಮಾಡುತ್ತಿದ್ದವು. ಬೆರಳೂ ಸೋಕದ ಸಿಲಿಕಾ ಎಳೆ ಉಕ್ಕಿಗಿಂತ ಗಟ್ಟಿ, ಆದರೆ ಒಂದು ಗೀರು ಬಿದ್ದರೆ ಅದರ ಬಲವೆಲ್ಲ ಹೋಯಿತು. ಬೇರೆ ದಾರಿ ಕಾಣದೆ ತಂಡ ತಾತ್ಕಾಲಿಕವಾಗಿ ಉಕ್ಕಿನ ತಂತಿಗೆ ಮರಳಿ 2017ರ ಆಗಸ್ಟ್‌ನಲ್ಲಿ ವೀಕ್ಷಣೆಗೆ ಸೇರಿತು. ಎರಡು ನ್ಯೂಟ್ರಾನ್ ತಾರೆಗಳು ಢಿಕ್ಕಿ ಹೊಡೆದ ಸಂಕೇತ ಬಂದದ್ದು ಅದೇ ತಿಂಗಳ 17ರಂದು. ಉಕ್ಕಿನ ತಂತಿಯಲ್ಲಿ ತೂಗುತ್ತಿದ್ದ ವರ್ಗೋ ಇಲ್ಲದಿದ್ದರೆ ಆಕಾಶದಲ್ಲಿ ಅದರ ಜಾಗವನ್ನು ಅಷ್ಟು ಬೇಗ ಗುರುತಿಸಲು ಆಗುತ್ತಿರಲಿಲ್ಲ. ಗಾಜಿನ ಎಳೆಗಳು ಮುಂದಿನ ವೀಕ್ಷಣೆಯ ಹೊತ್ತಿಗೆ ಮರಳಿ ಬಂದವು.

ತೂಗುವ ಎಳೆಯ ಮಾತು ಮುಗಿಯಿತು. ಈಗ ಕನ್ನಡಿಯ ಮೈಗೆ ಬರೋಣ, ಕಠಿಣ ಪ್ರಶ್ನೆ ಇರುವುದು ಅಲ್ಲಿ.

ಕೋಣೆಯ ಉಷ್ಣತೆಯಲ್ಲಿ ಗಾಜಿನ ಒಂದೊಂದು ಪರಮಾಣುವೂ ಸುಮಾರು 10⁻¹¹ ಮೀಟರ್ ಅಲುಗುತ್ತದೆ. ಲೇಸರ್ ಚುಕ್ಕೆಯ ತ್ರಿಜ್ಯ 5ರಿಂದ 6 ಸೆಂಟಿಮೀಟರ್, ಹಾಗಾಗಿ ಅದು ಅಸಂಖ್ಯ ಪರಮಾಣುಗಳ ಸರಾಸರಿಯನ್ನು ಮಾತ್ರ ಕಾಣುತ್ತದೆ. ಜಾತ್ರೆಯ ಗಲಾಟೆಯನ್ನು ದೂರದ ಗುಡ್ಡದಿಂದ ಕೇಳಿದಂತೆ ಅದು. ಆ ಸರಾಸರಿಯ ನಡುಕ ಎಷ್ಟು ಎಂದು ಲೆಕ್ಕಹಾಕಲು ಹಿಂದೆ ಕನ್ನಡಿಯ ಒಂದೊಂದು ಕಂಪನ ರೀತಿಯನ್ನೂ ಬೇರೆ ಬೇರೆ ಎಣಿಸಿ ಕೂಡುತ್ತಿದ್ದರು. 1998ರಲ್ಲಿ ಯೂರಿ ಲೆವಿನ್ ಆ ದಾರಿಯನ್ನೇ ಬಿಟ್ಟು ಸರಳವಾದ ಪ್ರಶ್ನೆ ಕೇಳಿದ: ಲೇಸರ್ ಚುಕ್ಕೆ ಬೀಳುವ ಜಾಗದಲ್ಲಿ ಅದೇ ಆಕಾರದ ಒತ್ತಡ ಹಾಕಿ ಕನ್ನಡಿಯನ್ನು ಲಯಬದ್ಧವಾಗಿ ಅದುಮಿದೆವು ಎನ್ನಿ, ಎಷ್ಟು ಶಕ್ತಿ ಶಾಖವಾಗಿ ಸೋರುತ್ತದೆ? ಅಷ್ಟು ತಿಳಿದರೆ ಗದ್ದಲವೂ ತಿಳಿದಂತೆಯೇ. ಮಡಕೆ ತಟ್ಟಿ ನೋಡಿದ ಹಾಗೆಯೇ ಇದು, ಆದರೆ ಬೆಳಕು ಬೀಳುವ ಜಾಗದಲ್ಲೇ ತಟ್ಟಬೇಕು.

ಲೆವಿನ್ ಲೆಕ್ಕದಿಂದ ಬೆಚ್ಚಿಬೀಳುವ ಸಂಗತಿ ಹೊರಬಂತು. ಅದುಮಿದಾಗ ಹೆಚ್ಚು ಒತ್ತಡ ಬೀಳುವುದು ಮೇಲ್ಮೈಯಲ್ಲಿ. ಹಾಗಾಗಿ ನಷ್ಟ ಎಲ್ಲೋ ಒಳಗೆ ಇದ್ದರೆ ಅಷ್ಟೇನೂ ಚಿಂತೆಯಿಲ್ಲ, ಮೇಲ್ಮೈಯಲ್ಲಿದ್ದರೆ ಕೆಟ್ಟಿತು. ಮೇಲ್ಮೈಯಲ್ಲಿ ಇರುವುದಾದರೂ ಏನು? ಕನ್ನಡಿಯನ್ನು ಕನ್ನಡಿಯಾಗಿಸುವ ಲೇಪನ. ಬೆಳ್ಳಿಯ ಲೇಪನ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ನುಂಗುತ್ತದೆ, ನೂರಾರು ಕಿಲೊವಾಟ್ ಬೆಳಕು ಓಡಾಡುವ ಕಡೆ ಅದು ನಡೆಯದು. ಬದಲಿಗೆ ಸಿಲಿಕಾ ಮತ್ತು ಟ್ಯಾಂಟಲಂ ಆಕ್ಸೈಡ್‌ಗಳನ್ನು ಒಂದರ ಮೇಲೊಂದು ಹತ್ತಾರು ಪದರಗಳಾಗಿ ಕೂರಿಸುತ್ತಾರೆ. ಪ್ರತಿ ಪದರದಿಂದ ಹಿಂದಿರುಗುವ ಅಲೆಗಳು ಒಂದಕ್ಕೊಂದು ಕೂಡಿಕೊಂಡು ಬೆಳಕು ಮರಳುತ್ತದೆ. ತೋಳಿನ ಕೊನೆಯ ಕನ್ನಡಿಯಲ್ಲಿ ಹತ್ತು ಲಕ್ಷ ಫೋಟಾನುಗಳಲ್ಲಿ ಐದರಷ್ಟು ಮಾತ್ರ ಆಚೆ ದಾಟುತ್ತವೆ. ಫ್ರಾನ್ಸಿನ ಲಿಯೋನ್ ನಗರದ ಪ್ರಯೋಗಾಲಯವೊಂದು ಲೈಗೋ ಮತ್ತು ವರ್ಗೋ ಎರಡಕ್ಕೂ ಈ ಲೇಪನ ಮಾಡಿಕೊಟ್ಟಿತು.

ಬೆಳಕಿನ ಕಣ್ಣಿಗೆ ಇದು ಪರಿಪೂರ್ಣ, ನಾದದ ಕಿವಿಗೆ ಅಲ್ಲ. ಕನ್ನಡಿಯ ಸಿಲಿಕಾ ಗಾಜಿಗಿಂತ ಈ ಲೇಪನದ ನಷ್ಟ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಲೇಪನದ ಒಟ್ಟು ದಪ್ಪ 6 ಮೈಕ್ರೊಮೀಟರ್ ಆಸುಪಾಸು, 20 ಸೆಂಟಿಮೀಟರ್ ಕನ್ನಡಿಯ ಮೂವತ್ತು ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲಿನ ನಡುಕ ಉಳಿದ ಗಾಜಿನ ಪೂರ್ತಿ ನಡುಕವನ್ನು ಮೀರಿಸುತ್ತದೆ. 2002ರಲ್ಲಿ ಗ್ರೆಗರಿ ಹ್ಯಾರಿ ಮತ್ತು ಸಂಗಡಿಗರು ಅಳತೆಗಳೊಂದಿಗೆ ಇದನ್ನು ಖಚಿತಪಡಿಸಿದರು. ಆಮೇಲೆ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ಗುರುತ್ವವನ್ನು ಅಳೆಯಹೊರಟವರು ಗಾಜಿನ ರಸಾಯನದ ಬಾಗಿಲು ತಟ್ಟಿದರು.

ಲೇಪನ ಯಾಕೆ ಸೋರುತ್ತದೆ? ಅದು ಹರಳಲ್ಲ. ಪದರಗಳನ್ನು ಸಿಂಪಡಿಸಿದಾಗ ಪರಮಾಣುಗಳು ಸಿಕ್ಕಸಿಕ್ಕಲ್ಲಿ ಕೂತುಬಿಡುತ್ತವೆ. ಅಲ್ಲಲ್ಲಿ ಕೆಲವು ಪರಮಾಣುಗಳ ಗುಂಪಿಗೆ ಹೀಗೂ ಕೂರಬಹುದು, ಹಾಗೂ ಕೂರಬಹುದು ಎಂಬಂತೆ ಎರಡು ಜಾಗಗಳಿರುತ್ತವೆ. ಶಾಖ ಅವನ್ನು ಇಲ್ಲಿಂದಲ್ಲಿಗೆ ಹಾರಿಸುತ್ತಿರುತ್ತದೆ. ಪ್ರತಿ ಹಾರಾಟವೂ ಒಂದಿಷ್ಟು ನಾದವನ್ನು ಕದಿಯುತ್ತದೆ, ಒಂದಿಷ್ಟು ಗದ್ದಲವನ್ನು ಹಾಕುತ್ತದೆ. ಟ್ಯಾಂಟಲಂ ಆಕ್ಸೈಡಿಗೆ ಸ್ವಲ್ಪ ಟೈಟಾನಿಯಂ ಬೆರೆಸಿದರೆ ಈ ಹಾರಾಟ ತಗ್ಗುತ್ತದೆ ಎಂದು ಕಂಡುಕೊಂಡರು. ಈಗಿನ ಲೈಗೋ ಕನ್ನಡಿಗಳಲ್ಲಿರುವುದು ಆ ಬೆರಕೆಯೇ. ಇಟಲಿಯ ಇನ್ನೊಚೆಂಜೊ ಪಿಂಟೊ ಅವರ ಬಳಗ ಮತ್ತೊಂದು ಜಾಣತನ ತೋರಿತು. ಪದರಗಳು ಸಮವಾಗಿರಲೇಬೇಕೆಂದಿಲ್ಲ, ಹೆಚ್ಚು ಸೋರುವ ಟ್ಯಾಂಟಲಂ ಪದರವನ್ನು ತೆಳುವಾಗಿಸಿ ಸಿಲಿಕಾವನ್ನು ದಪ್ಪವಾಗಿಸಿದರೂ ಬೆಳಕು ಅಷ್ಟೇ ಮರಳುತ್ತದೆ ಎಂದು ತೋರಿಸಿತು. ಖರ್ಚಿಲ್ಲದೆ ಸಿಕ್ಕ ಲಾಭವದು.

2021ರಲ್ಲಿ ಟೈಟಾನಿಯಂ ಮತ್ತು ಜರ್ಮೇನಿಯಂ ಆಕ್ಸೈಡುಗಳ ಬೆರಕೆ ಭರವಸೆ ಹುಟ್ಟಿಸಿತು. ಗೇಬ್ರಿಯೆಲೆ ವಾಯೆಂಟೆ ಮತ್ತು ಸಂಗಡಿಗರು ಅದನ್ನು ಬಹಳ ಹೊತ್ತು ಕುಲುಮೆಯಲ್ಲಿಟ್ಟು ಹದಗೊಳಿಸಿದಾಗ ನಷ್ಟ ತುಂಬ ಇಳಿಯಿತು. ಲೈಗೋದ ಸುಧಾರಿತ ರೂಪಕ್ಕೆ ಲೇಪನದ ಗದ್ದಲವನ್ನು ಅರ್ಧಕ್ಕೆ ಇಳಿಸುವ ಗುರಿ ಇತ್ತು, ಇದು ಅದಕ್ಕೆ ಹೊಂದುವಂತೆ ಕಂಡಿತು. ಆದರೆ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಕಾಯಿಸಿದಾಗ ಒಳಗೆ ಸಿಕ್ಕಿಕೊಂಡ ಅನಿಲ ಗುಳ್ಳೆಯೆದ್ದು ಮೇಲ್ಮೈ ಕೆಟ್ಟಿತು. ಕಾಯಿಸದಿದ್ದರೆ ನಷ್ಟ ಇಳಿಯದು, ಕಾಯಿಸಿದರೆ ಗುಳ್ಳೆ ಬಿಡದು. ಹದ ಹುಡುಕುವ ಕೆಲಸ ಅಲ್ಲಿಗೆ ನಿಂತಿಲ್ಲ.

ಹರಳನ್ನೇ ಲೇಪನವಾಗಿಸಿದರೆ? ವಿಯೆನ್ನಾದ ಗ್ಯಾರೆಟ್ ಕೋಲ್, ಮಾರ್ಕಸ್ ಆಸ್ಪೆಲ್‌ಮೇಯರ್ ಮತ್ತು ಸಂಗಡಿಗರು 2013ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಹಾಗೂ ಅದಕ್ಕೆ ಅಲ್ಯೂಮಿನಿಯಂ ಸೇರಿಸಿದ ಹರಳಿನ ಪದರಗಳನ್ನು ಬೆಳೆಸಿ, ಅಡಿಯ ಬಿಲ್ಲೆಯಿಂದ ಬಿಡಿಸಿ, ಗಾಜಿಗೆ ಅಂಟಿಸಿ ತೋರಿಸಿದರು. ನಷ್ಟ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಪರಮಾಣು ಗಡಿಯಾರದವರು ಅದನ್ನು ಆಸೆಯಿಂದ ಎತ್ತಿಕೊಂಡರು, ಅವರ ಲೇಸರುಗಳ ಸ್ಥಿರತೆಗೂ ಅಡ್ಡಿಯಾಗಿದ್ದದ್ದು ಇದೇ ಲೇಪನದ ಗದ್ದಲ. ಆದರೆ 34 ಸೆಂಟಿಮೀಟರ್ ಕನ್ನಡಿಯನ್ನು ಮುಚ್ಚುವಷ್ಟು ದೊಡ್ಡ ಹರಳಿನ ಬಿಲ್ಲೆ ಬೇಕಲ್ಲ. ಜೊತೆಗೆ ಬೆಳಕಿನ ಕಂಪನದ ದಿಕ್ಕಿಗೆ ತಕ್ಕಂತೆ ಬೇರೆ ಬೇರೆಯಾಗಿ ವರ್ತಿಸುವ ಈ ಹರಳುಗಳಲ್ಲಿ ಹೊಸ ಬಗೆಯ ಗದ್ದಲವೂ ಇತ್ತೀಚೆಗೆ ಕಂಡುಬಂದಿದೆ.

ಲೇಪನವನ್ನು ಬದಲಿಸದೆ ಬೆಳಕನ್ನೇ ಬದಲಿಸುವ ಯೋಚನೆಗಳೂ ಇವೆ. ಚುಕ್ಕೆ ಅಗಲವಾದಷ್ಟೂ ಸರಾಸರಿ ಚೆನ್ನಾಗುತ್ತದೆ, ಲೇಪನದ ಗದ್ದಲ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ನಡುವೆ ಚಪ್ಪಟೆಯಾದ ಬೆಳಕಿನ ಕಂಬ, ಉಂಗುರದ ಮೇಲೆ ಉಂಗುರದಂಥ ಬೆಳಕು, ಲೇಪನವೇ ಬೇಡದಂತೆ ಗೀರುಗೀರಾಗಿ ಕೆತ್ತಿದ ಸಿಲಿಕಾನ್ ಹರಳು, ಎಲ್ಲವನ್ನೂ ಕಾಗದದ ಮೇಲೂ ಮೇಜಿನ ಮೇಲೂ ಪರೀಕ್ಷಿಸಿದ್ದಾರೆ. ನನ್ನ ಅಂದಾಜಿನಲ್ಲಿ ಇವು ಯಾವುವೂ ದೊಡ್ಡ ಯಂತ್ರವನ್ನು ಬೇಗ ತಲುಪುವಂಥವಲ್ಲ. ಕನ್ನಡಿ ಕೂದಲೆಳೆಯಷ್ಟು ವಾಲಿದರೂ ಕೆಡುವ ಬೆಳಕಿನ ಆಕಾರವನ್ನು 4 ಕಿಲೊಮೀಟರ್ ದೂರ ಕಾಪಾಡುವುದು ಸುಲಭವಲ್ಲ.

ಇನ್ನು ತಣ್ಣಗೆ ಮಾಡುವ ದಾರಿ. ಇಲ್ಲೊಂದು ಅಚ್ಚರಿಯಿದೆ. ಕೋಣೆಯಲ್ಲಿ ಅಷ್ಟು ನಿರ್ಮಲವಾಗಿ ಉಲಿಯುವ ಸಿಲಿಕಾ ಗಾಜು ತಣ್ಣಗಾದಂತೆ ನಾದ ಸೋರಲು ಶುರುಮಾಡುತ್ತದೆ, ಹತ್ತಾರು ಕೆಲ್ವಿನ್‌ಗಳಿಗೆ ಇಳಿದಾಗ ಒಡಕು ಮಡಕೆಯಂತಾಗುತ್ತದೆ. ಆದ್ದರಿಂದ ತಣ್ಣಗೆ ಮಾಡುವವರು ವಸ್ತುವನ್ನೇ ಬದಲಿಸಬೇಕು. ಜಪಾನಿನ ಕಮಿಯೊಕ ಗಣಿಯೊಳಗಿನ ಕಾಗ್ರಾ ಯಂತ್ರದಲ್ಲಿ 23 ಕಿಲೊ ತೂಕದ ನೀಲಮಣಿಯ ಕನ್ನಡಿಗಳಿವೆ, ಗುರಿ 20 ಕೆಲ್ವಿನ್. ನೀಲಮಣಿ ಕೋಣೆಯ ಉಷ್ಣತೆಯಲ್ಲಿ ಶಾಖದ ಹರಿದಾಟಕ್ಕೆ ಹಿಗ್ಗಿ ಕುಗ್ಗಿ ಗದ್ದಲ ಮಾಡುತ್ತದೆ ಎಂದು ಮಾಸ್ಕೊದ ಬ್ರಗಿನ್‌ಸ್ಕಿ ಬಳಗ 1999ರಲ್ಲೇ ತೋರಿಸಿತ್ತು, ತಣ್ಣಗಿದ್ದಾಗ ಆ ದೋಷ ಅಡಗುತ್ತದೆ. ಆದರೆ ಲೇಸರ್ ತಂದ ಶಾಖವನ್ನು ಹೊರಸಾಗಿಸಲು ತೂಗುವ ಎಳೆಗಳು ದಪ್ಪವಿರಬೇಕು, ದಪ್ಪ ಎಳೆ ಹೆಚ್ಚು ಅಲುಗಿಸುತ್ತದೆ. ನಿರ್ವಾತದಲ್ಲಿ ಉಳಿದ ನೀರಿನ ಅಣುಗಳು ತಣ್ಣನೆಯ ಕನ್ನಡಿಯ ಮೇಲೆ ಮಂಜಾಗಿ ಕೂರುವ ತೊಂದರೆ ಬೇರೆ. 2024ರ ಜನವರಿ 1ರ ನೋಟೊ ಭೂಕಂಪವೂ ಆ ಯಂತ್ರಕ್ಕೆ ಪೆಟ್ಟು ಕೊಟ್ಟಿತು. ಇಷ್ಟೆಲ್ಲ ಸಹಿಸಿ ಮೊದಲು ಹೆಜ್ಜೆಯಿಟ್ಟ ಆ ತಂಡಕ್ಕೆ ಮುಂದಿನವರೆಲ್ಲ ಋಣಿಗಳು.

ಮುಂದಿನ ಆಸೆ ಸಿಲಿಕಾನ್ ಹರಳಿನ ಮೇಲೆ. 123 ಕೆಲ್ವಿನ್ ಬಳಿ ಸಿಲಿಕಾನ್ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದನ್ನು ನೆಚ್ಚಿ 200 ಕಿಲೊ ತೂಕದ ಸಿಲಿಕಾನ್ ಕನ್ನಡಿಗಳ ‘ವಾಯೇಜರ್’ ಯೋಜನೆಯನ್ನು ಲೈಗೋದವರು ರೂಪಿಸಿದ್ದಾರೆ. ಈಗಿನ 1064 ನ್ಯಾನೊಮೀಟರ್ ಬೆಳಕು ಸಿಲಿಕಾನಿನ ಒಳಗೆ ಹಾಯದು, ಹಾಗಾಗಿ ಲೇಸರನ್ನೂ ಬದಲಿಸಬೇಕು. ಯುರೋಪಿನ ಐನ್‌ಸ್ಟೈನ್ ಟೆಲಿಸ್ಕೋಪ್ ಯೋಜನೆಯೂ ಕಡಿಮೆ ಆವೃತ್ತಿಗಳಿಗಾಗಿ ನೆಲದಡಿಯಲ್ಲಿ ತಣ್ಣನೆಯ ಕನ್ನಡಿಗಳನ್ನು ತೂಗಿಸಲು ಯೋಚಿಸಿದೆ. ಅಮೆರಿಕದ ಕಾಸ್ಮಿಕ್ ಎಕ್ಸ್‌ಪ್ಲೋರರ್ ಯೋಜನೆಯದು ನೇರ ದಾರಿ: ತೋಳನ್ನೇ 40 ಕಿಲೊಮೀಟರಿಗೆ ಬೆಳೆಸುವುದು. ಕನ್ನಡಿ ನಡುಗುವಷ್ಟೇ ನಡುಗಲಿ, ಸಂಕೇತ ಹತ್ತು ಪಟ್ಟು ದೊಡ್ಡದಾಗುತ್ತದೆ.

ಈ ಕಷ್ಟಕ್ಕೆ ಸಿಗುವ ಪ್ರತಿಫಲ ಎಷ್ಟು ಎಂದರೆ, ಗದ್ದಲ ಅರ್ಧವಾದರೆ ಎರಡು ಪಟ್ಟು ದೂರ ಕೇಳಿಸುತ್ತದೆ. ಎರಡು ಪಟ್ಟು ದೂರವೆಂದರೆ ಎಂಟು ಪಟ್ಟು ಆಕಾಶ.

ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರ ಹೆಸರು ಹೇಳದೆ ಈ ಮಾತು ಮುಗಿಸಲಾರೆ. ಕಪ್ಪುಕುಳಿಗೆ ಅಲೆಯೊಂದು ಬಡಿದರೆ ಅದು ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ಸುಮ್ಮನಾಗುತ್ತದೆ ಎಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸಂಕೇತದ ಕೊನೆಯಲ್ಲಿ ಆ ಮಿಡಿತ ಕಂಡಿತು, ಸುಮಾರು 250 ಹರ್ಟ್ಸ್, ಆಯುಸ್ಸು 4 ಮಿಲಿಸೆಕೆಂಡು. ಲೆಕ್ಕ ಹಾಕಿದರೆ ಅದರ ಕ್ಯೂ ಮೂರರ ಆಸುಪಾಸು. ಅಂದರೆ ಕಪ್ಪುಕುಳಿ ಬಲು ಸೋರುವ ಗಂಟೆ, ಶಕ್ತಿಯನ್ನೆಲ್ಲ ಗುರುತ್ವ ಅಲೆಯಾಗಿ ಒಮ್ಮೆಗೇ ಚೆಲ್ಲಿಬಿಡುತ್ತದೆ. ಅದನ್ನು ಕೇಳಲು ವಾರಗಟ್ಟಲೆ ಉಲಿಯುವ ಗಾಜು ಬೇಕಾಯಿತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರ ಆ ಸುದ್ದಿ ಕೇಳಲು ಬದುಕಿದ್ದರು ಎಂಬುದೊಂದು ಸಮಾಧಾನ. 2025ರ ಜನವರಿ 14ರಂದು ಇನ್ನೂ ಸ್ಪಷ್ಟವಾದ ಸಂಕೇತ ಬಂತು, ಕಪ್ಪುಕುಳಿಯ ಒಂದಲ್ಲ, ಎರಡು ಸ್ವರಗಳನ್ನು ಅದರಲ್ಲಿ ಬೇರ್ಪಡಿಸಿ ಕೇಳಲು ಸಾಧ್ಯವಾಯಿತು.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಲೈಗೋ–ಇಂಡಿಯಾ ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲಿ ಗುರುತ್ವದ ಗಣಿತ ಬಲ್ಲವರು ಮೊದಲಿನಿಂದಲೂ ಇದ್ದಾರೆ. ಗಾಜು, ತೆಳುಪದರ, ಹರಳು ಇವನ್ನು ಓದುತ್ತಿರುವ ನಮ್ಮ ರಸಾಯನ ಮತ್ತು ಭೌತವಿಜ್ಞಾನದ ವಿದ್ಯಾರ್ಥಿಗಳು ಈ 6 ಮೈಕ್ರೊಮೀಟರ್ ಲೇಪನದ ಸಮಸ್ಯೆಯನ್ನು ತಮ್ಮದೆಂದು ಎತ್ತಿಕೊಳ್ಳಲಿ. ಅದಿನ್ನೂ ಬಿಡಿಸದ ಲೆಕ್ಕ.